ನಿನ್ನೆಯ ಅನ್ನ

ಅನ್ನದ ಪಾತ್ರೆಯನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ರತ್ನಪ್ರಭಾ ಅದನ್ನೆತ್ತಿ ನೋಡಿದಳು. ಕಟ್ಟೆಯ ಮೇಲೆ ನೀರಿನ ಉಂಗುರವೊಂದನ್ನು ಬಿಟ್ಟರೆ ಏನೂ ಇರಲಿಲ್ಲ.

ಬೆಳಿಗ್ಗೆ ಅದರಲ್ಲಿ ಎರಡು ಹಿಡಿ ಅನ್ನವಿತ್ತು, ಪಕ್ಕದ ಬಟ್ಟಲಲ್ಲಿ ಗಟ್ಟಿಯಾದ ಬೇಳೆ. ಮಾಘದ ಚಳಿಗೆ ಎರಡೂ ಕೆಡುವಂತಿರಲಿಲ್ಲ. ರೈಲ್ವೆ ಬುಕಿಂಗ್ ಕೌಂಟರಿನಲ್ಲಿ ಕೂತು ಮಧ್ಯಾಹ್ನದಿಂದಲೂ ಅವಳಿಗೆ ಅದೇ ಧ್ಯಾನ. ಎರಡನ್ನೂ ಕಿವುಚಿ, ಬಾಗಲಕೋಟೆಯಿಂದ ತಂದ ಜೋಳದ ಹಿಟ್ಟು, ಮೆಂತೆ ಸೊಪ್ಪು, ಹಸಿಮೆಣಸು ಸೇರಿಸಿ ಥಾಲಿಪಟ್ಟು ತಟ್ಟಬೇಕು. ವರ್ಗವಾಗಿ ಕಾಶಿಗೆ ಬಂದ ಎಂಟು ತಿಂಗಳಲ್ಲಿ ಕಲಿತ ವಿದ್ಯೆ ಇದು. ಒಬ್ಬಳಿಗೆಂದು ಎಷ್ಟೇ ಕಮ್ಮಿ ಅಕ್ಕಿ ಹಾಕಿದರೂ ಒಂದಿಷ್ಟು ಉಳಿದೇ ಉಳಿಯುತ್ತಿತ್ತು.

ಅವಳು ಧಡಧಡನೆ ಮೆಟ್ಟಿಲಿಳಿದಳು. ಕೇದಾರ ಘಾಟಿನ ಆ ಮನೆಯ ಕೆಳಗೆ ಮಾಲೀಕರಿದ್ದರು, ಮೂರು ತಲೆಮಾರಿನಿಂದ ಇಲ್ಲೇ ನೆಲೆಸಿದ ಮೈಸೂರು ಕಡೆಯ ಪುರೋಹಿತರು. ಅವರ ಹೆಂಡತಿ ವೆಂಕಮ್ಮ ಪೂರಿ ಕರಿಯುತ್ತಿದ್ದರು.

"ಅಮ್ಮಾರ, ನನ್ನ ಖೋಲಿಗೆ ಯಾರು ಬಂದಿದ್ರು?"

"ನಾನೇ ಕಣಮ್ಮಾ. ನಲ್ಲಿ ಸೋರ್ತಿತ್ತಲ್ಲ, ಮಿಸ್ತ್ರೀನ ಕರ್ಕೊಂಡು ಬಂದಿದ್ದೆ. ಆ ಬಾಸಿ ಅನ್ನ, ನಿನ್ನೆ ಬೇಳೆ ಕಣ್ಣಿಗೆ ಬಿತ್ತು. ಗಲ್ಲಿ ಹಸುವಿಗೆ ಹಾಕಿಬಿಟ್ಟೆ."

"ಯಾರನ್ನ ಕೇಳಿ ಹಾಕಿದ್ರಿ?"

ವೆಂಕಮ್ಮ ನಕ್ಕರು. "ಅದಕ್ಕೂ ಕೇಳ್ಬೇಕಾ? ಗಂಡ, ಮಕ್ಕಳು ಇದ್ದಿದ್ರೆ ಹೀಗೆ ತಂಗಳು ತಿಂತಿದ್ಯಾ? ಒಬ್ಬಳೇ ಇದೀಯ, ಪಾಪ. ತಗೋ, ಬಿಸಿ ಪೂರಿ ತಿನ್ನು."

ಅನ್ನ ಹೋದದ್ದಕ್ಕಿಂತ ಆ 'ಪಾಪ' ಅವಳ ಮೈ ಉರಿಸಿತು.

"ಪಾಪ ಅನಬ್ಯಾಡ್ರಿ. ನಾ ದುಡದು ತಂದ ಅಕ್ಕಿ, ನಾ ಬೇಯಿಸಿದ ಅನ್ನ. ಇವತ್ತಿನ ನನ್ನ ಊಟ ಅದು. ನಿಮ್ಮ ಅಡಿಗಿಮನಿ ಹೊಕ್ಕು ನಾ ನಿಮ್ಮ ಭಗೋಣಿ ತೊಳದಿಟ್ರ ಸುಮ್ಮನಿರ್ತೀರೇನು?"

ವೆಂಕಮ್ಮನ ಕೈಯ ಸಟ್ಟುಗ ಎಣ್ಣೆಯ ಮೇಲೆ ನಿಂತಿತು. ಒಳಗಿನಿಂದ ಯಜಮಾನರು, "ಏನದು ಗಲಾಟೆ?" ಎಂದರು. ರತ್ನಪ್ರಭಾ ಕೈ ಚಾಚಿದಳು.

"ಇನ್ನಮ್ಯಾಲೆ ಮಿಸ್ತ್ರಿ ನಾ ಇದ್ದಾಗ ಬರ್ಲಿ. ನನ್ನ ಖೋಲಿದು ಇನ್ನೊಂದು ಚಾವಿ ಕೊಡ್ರಿ."

"ಮನೆ ನಮ್ದಮ್ಮಾ."

"ಮನಿ ನಿಮ್ಮದು, ಖರೆ. ಒಲಿ ನಂದು."

ಪೂರಿಯೊಂದು ಬಾಣಲೆಯಲ್ಲಿ ಕಪ್ಪಾಗುತ್ತಿತ್ತು. ವೆಂಕಮ್ಮ ಸೊಂಟದ ಗೊಂಚಲಿನಿಂದ ಚಾವಿ ಬಿಚ್ಚಿ, ಕೈಗೆ ಕೊಡದೆ, ಪೂರಿಯ ತಟ್ಟೆಯ ಅಂಚಿಗಿಟ್ಟರು. ರತ್ನಪ್ರಭಾ ಚಾವಿಯನ್ನಷ್ಟೇ ತೆಗೆದುಕೊಂಡಳು.

ಮೇಲೆ ಬಂದು ಒಲೆ ಹೊತ್ತಿಸಿದಳು. ಒಂದು ಲೋಟ ಅಕ್ಕಿ ಹಾಕಿ, ತುಸು ತಡೆದು, ಇನ್ನೊಂದು ಲೋಟ ಸುರಿದಳು. ಬಿಸಿ ಅನ್ನಕ್ಕೆ ತುಪ್ಪ, ಉಪ್ಪಿನಕಾಯಿ ಕಲಸಿ ಹೊಟ್ಟೆ ತುಂಬ ಉಂಡಳು. ಅರ್ಧಕ್ಕಿಂತ ಹೆಚ್ಚೇ ಉಳಿಯಿತು. ಅದರ ಮೇಲೆ ತಟ್ಟೆ ಮುಚ್ಚಿ, ಗಂಗೆಯ ತಣ್ಣನೆಯ ಗಾಳಿ ಬರುವ ಕಿಟಕಿಯ ಬಳಿ ಇಟ್ಟಳು.