ಹೊನ್ನಾರಿನ ಬಾರುಕೋಲು

ಮುನಿವೆಂಕಟಮ್ಮನ ಬಾಯಿಗೆ ಹೊನ್ನೇಕುಂಟೆ ಊರೇ ಹೆದರುತ್ತಿತ್ತು. ಬಾವಿಕಟ್ಟೆಯಲ್ಲಿ ಅವಳೊಂದು ಮಾತು ಎಸೆದಳೆಂದರೆ, ಉಳಿದವರು ಅದಕ್ಕೆ ಮರುಮಾತು ಹುಡುಕುವಷ್ಟರಲ್ಲಿ ಅವಳು ನೀರು ಸೇದಿ ಮನೆ ಸೇರಿರುತ್ತಿದ್ದಳು. ಅಂಥವಳು ಆ ವರ್ಷ ಶಿವರಾತ್ರಿ ಕಳೆದ ಮೇಲೆ ಬಾವಿಗೆ ಹೋಗುವ ಹೊತ್ತನ್ನೇ ಬದಲಾಯಿಸಿಬಿಟ್ಟಳು. ಎಲ್ಲರೂ ಬಂದುಹೋದ ಮೇಲೆ, ಬಿಸಿಲು ನೆತ್ತಿಗೇರಿದಾಗ, ಒಬ್ಬಳೇ ಹೋಗುತ್ತಿದ್ದಳು. ಇದಕ್ಕೆಲ್ಲ ಕಾರಣ ಅವಳ ಗಂಡ ರಾಮಾಂಜಿನಪ್ಪ. ಕದ್ದಿದ್ದನೇ? ಇಲ್ಲ. ಕುಡಿದು ಬಿದ್ದಿದ್ದನೇ? ಅದೂ ಇಲ್ಲ. ಯುದ್ಧಕ್ಕೆ ಹೋಗಿ, ಯಾರ ಕಡೆಗೂ ಸೇರದೆ, ಜೀವಸಹಿತ ಊರಿಗೆ ಬಂದಿದ್ದ. ಊರಿನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ತಪ್ಪಿರಲಿಲ್ಲ.

ಅದು ನಲವತ್ತಾರನೇ ಇಸವಿ. ಅನುಗೊಂಡನಹಳ್ಳಿ ಹೋಬಳಿಯ ಈ ಪುಟ್ಟ ಊರಿನಿಂದ ಇಬ್ಬರು ಮೈಸೂರು ಮಹಾರಾಜರ ಪಡೆಗೆ ಸೇರಿದ್ದರು. ಒಬ್ಬ ರಾಮಾಂಜಿನಪ್ಪ, ಇನ್ನೊಬ್ಬ ಪಕ್ಕದ ಮನೆಯ ಅಪ್ಪಯ್ಯಣ್ಣ. ಒಟ್ಟಿಗೆ ದನ ಕಾಯ್ದವರು, ಒಟ್ಟಿಗೇ ಹೋಗಿ ಎದೆ ಅಳೆಸಿಕೊಂಡವರು. ಪಡೆಯನ್ನು ಹಡಗು ಹತ್ತಿಸಿ ಸಿಂಗಪುರಕ್ಕೆ ಕಳಿಸಿದರು. ಅಲ್ಲಿ ಇಂಗ್ಲಿಷರು ಜಪಾನಿನವರ ಮುಂದೆ ಕೈಯೆತ್ತಿಬಿಟ್ಟರು, ಇವರಿಬ್ಬರೂ ಸೆರೆಯಾದರು. ಆಮೇಲೆ ಸೆರೆಯಲ್ಲಿದ್ದ ನಮ್ಮವರನ್ನೇ ಕೂಡಿಸಿ, ಇಂಗ್ಲಿಷರ ಮೇಲೆ ಯುದ್ಧ ಮಾಡಲು ಆಜಾದ್ ಹಿಂದ್ ಫೌಜು ಎದ್ದಿತು. ಅಪ್ಪಯ್ಯಣ್ಣ ಸೇರಿದ. ರಾಮಾಂಜಿನಪ್ಪ ಸೇರಲಿಲ್ಲ.

ಯುದ್ಧ ಮುಗಿದು ಹೊಸಕೋಟೆ ಕಡೆಯ ಬೇರೆ ಪಡೆಗಳ ಸಿಪಾಯಿಗಳೆಲ್ಲ ದಸರೆಗೆ ಮನೆ ಸೇರಿದರು. ರಾಮಾಂಜಿನಪ್ಪ ಬಂದದ್ದು ಸಂಕ್ರಾಂತಿಗೆ, ಅದೂ ನಡೆದುಕೊಂಡು, ಹೆಗಲಿಗೊಂದು ಗಂಟು ಹಾಕಿಕೊಂಡು. ಯಾಕಿಷ್ಟು ತಡ ಎಂದು ಹೆಂಡತಿ ಕೇಳಿದರೆ "ಹಡಗು ಸಿಗ್ಲಿಲ್ಲ ಕಣೇ" ಎಂದು ಕೊಟ್ಟಿಗೆಗೆ ಹೋಗಿ ಎತ್ತುಗಳ ಮೈ ತಡವುತ್ತಾ ನಿಂತುಬಿಟ್ಟ. ಅವನಿಲ್ಲದ ವರ್ಷಗಳಲ್ಲಿ ಅವಳೇ ಕರುಗಳಿಂದ ಸಾಕಿ, ನೊಗಕ್ಕೆ ಪಳಗಿಸಿದ ಬಿಳಿಯ ಜೋಡಿ ಅದು.

ಅಪ್ಪಯ್ಯಣ್ಣ ಬಂದದ್ದು ಶಿವರಾತ್ರಿಗೆ. ಅಬ್ಬಬ್ಬಾ, ಆ ವೈಭವವೇನು! ಹೊಸಕೋಟೆಯಿಂದ ಗಾಡಿ ಕಟ್ಟಿ, ಹಾರ ಹಾಕಿ, ತಮಟೆ ಬಡಿದು ಕರೆತಂದರು. ಪಟೇಲ್ ಬೈರಣ್ಣ ತಲೆಗೊಂದು ಬಿಳಿ ಟೋಪಿ ಹಾಕಿಕೊಂಡು "ಜೈ ಹಿಂದ್" ಎಂದು ಕೂಗಿದ ಕೂಗು ಕೆರೆಯಾಚೆಗೂ ಕೇಳಿಸಿತು. ಈ ಪಟೇಲನ ಕಥೆಯನ್ನೂ ಹೇಳಿಬಿಡಬೇಕು. ಯುದ್ಧ ಶುರುವಾದಾಗ ಬೆಂಗಳೂರು ದಂಡಿಗೆ ಗಾಡಿಗಟ್ಟಲೆ ರಾಗಿ ಕಳಿಸಿ, ಇಂಗ್ಲಿಷ್ ದೊರೆಗೆ ಜಯವಾಗಲೆಂದು ಮಾರಮ್ಮನಿಗೆ ತೆಂಗಿನಕಾಯಿ ಒಡೆಸಿದವನು ಇವನೇ. ರಂಗೂನು ಬಿದ್ದಾಗ "ಜಪಾನಿನವರೂ ನಮ್ಮಂಗೆ ಅನ್ನ ಉಣ್ಣೋ ಜನ ಕಣ್ರಪ್ಪಾ" ಎಂದವನೂ ಇವನೇ. ಈಗ ಅರಳಿಕಟ್ಟೆಯ ಮೇಲೆ ಕೂತು "ನಮ್ಮೂರು ಮೊದಲನೇ ದಿನದಿಂದ್ಲೂ ಇಂಗ್ಲಿಷ್ನೋರ ವಿರುದ್ಧ" ಎನ್ನುತ್ತಿದ್ದ. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಇಡೀ ಹೋಬಳಿಯಲ್ಲಿರಲಿಲ್ಲ. ತೆಂಗಿನಕಾಯಿಯ ಚೂರು ತಿಂದವರೆಲ್ಲ ಸುತ್ತ ಕೂತು ಹೌದೌದು ಎಂದು ತಲೆಯಾಡಿಸುತ್ತಿದ್ದರು.

ಅಪ್ಪಯ್ಯಣ್ಣ ಕೆಟ್ಟವನಲ್ಲ. ಹೋರಾಡಿದ್ದ, ಬರ್ಮಾದ ಕಾಡಿನಲ್ಲಿ ಹುಲ್ಲು ಬೇಯಿಸಿ ತಿಂದಿದ್ದ, ಕೇಳುವವರು ಸಿಕ್ಕಾಗ ಹೇಳುತ್ತಿದ್ದ. "ಗುಡಾರ ಗುಡಾರಕ್ಕೂ ಹೋಗಿ ನಮ್ಮ ಪಡೆಯೋರನ್ನ ಎಬ್ಬಿಸ್ದೋನು ನಾನು. 'ಏಳ್ರಲಾ, ದೇಶ ಕರೀತಾ ಐತೆ' ಅಂದೆ. ಎಲ್ರೂ ಎದ್ರು, ಒಬ್ಬ ಬಿಟ್ಟು" ಎಂದು ನಿಲ್ಲಿಸುತ್ತಿದ್ದ. ಆ ಒಬ್ಬ ಯಾರೆಂದು ಅವನು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಒಂದು ದಿನ ಹೆಂಗಸರಿನ್ನೂ ಇರುವಾಗಲೇ ಹೋದ ಮುನಿವೆಂಕಟಮ್ಮ ಬಾವಿಯ ಹತ್ತಿರ ಪಿಳ್ಳಮ್ಮನ ಕೈಗೆ ಸಿಕ್ಕಿಬಿದ್ದಳು. ಪಿಳ್ಳಮ್ಮ ಪಟೇಲನ ತಂಗಿ, ಅವಳದೂ ಸಣ್ಣ ನಾಲಿಗೆಯಲ್ಲ.

"ಏನಮ್ಮಾ ಮುನಿವೆಂಕಟಿ, ನಿಮ್ಮೆಜಮಾನ್ರು ಯಾವ ಕಡೆ ಅಂತ ಗೊತ್ತಾಯ್ತಾ? ಇಂಗ್ಲಿಷ್ನೋರ ಕಡೆನೋ, ನಮ್ಮ ಕಡೆನೋ? ಇಲ್ಲಾ ಹಿತ್ಲ ಕಡೆನೋ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮುನಿವೆಂಕಟಮ್ಮ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟಳು. ಉತ್ತರ ಅವಳಿಗೇ ಗೊತ್ತಿರಲಿಲ್ಲ. ಅದೇ ಅವಳ ಸಂಕಟ. ಮನೆಗೆ ಬಂದವಳೇ ಕೊಡವನ್ನು ದಡ್ಡೆಂದು ಇಟ್ಟಳು.

"ಅಲ್ರೀ, ಅಪ್ಪಯ್ಯಣ್ಣ ಸೇರ್ದಾಗ ನಿಮಗೇನಾಗಿತ್ತು ರೋಗ?"

ರಾಮಾಂಜಿನಪ್ಪ ಹುರಿ ಹೊಸೆಯುತ್ತಿದ್ದವನು ಕೈ ನಿಲ್ಲಿಸಿದ. "ಪಡೆಗೆ ಸೇರೋವಾಗ ಚಾಮುಂಡವ್ವನ ಹೆಸರಲ್ಲಿ ಉಪ್ಪು ಮುಟ್ಟಿ ಆಣೆ ಮಾಡಿದ್ದೆ. ಒಂದು ನಾಲಿಗೇಲಿ ಎರಡು ಆಣೆ ನನ್ನ ಕೈಲಾಗಲ್ಲ. ಅಪ್ಪಯ್ಯ ಮಾಡಿದ್ದು ತಪ್ಪು ಅಂತಾನೂ ಅಲ್ಲ. ಅವನಿಗೆ ಅದು ಸರಿ ಅನ್ನಿಸ್ತು, ಹೋದ. ನನಗೆ ಅನ್ನಿಸ್ಲಿಲ್ಲ, ಕೂತೆ."

"ಹಂಗಾದ್ರೆ ಇಂಗ್ಲಿಷ್ನೋರ ಕಡೆ ಅಂತಾಯ್ತಲ್ಲ!"

"ಅವರ ಕಡೇನೂ ಅಲ್ಲ."

"ಮತ್ತೆ ಯಾರ ಕಡೆ, ದೇವ್ರೇ!"

ಅವನು ಮತ್ತೆ ಹುರಿ ಹೊಸೆಯತೊಡಗಿದ. ಇಂಥ ಗಂಡನನ್ನು ಕಟ್ಟಿಕೊಂಡು ಬಾವಿಕಟ್ಟೆಯಲ್ಲಿ ಹೇಗೆ ಮಾತು ಗೆಲ್ಲುವುದು, ನೀವೇ ಹೇಳಿ.

ಯುಗಾದಿ ಬಂತು. ಯುಗಾದಿಯ ಬೆಳಿಗ್ಗೆ ಊರಿನ ಮೊದಲ ಉಳುಮೆ, ಅದಕ್ಕೇ ಹೊನ್ನಾರು ಎನ್ನುವುದು. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಸುಣ್ಣ ಕೆಮ್ಮಣ್ಣು ಹಚ್ಚಿ ಪೂಜೆ ಮಾಡುತ್ತಾರೆ. ಒಬ್ಬನು ಮುಂದೆ ಹೂಡಿದ ಮೇಲೆಯೇ ಉಳಿದವರ ನೇಗಿಲು ಮಣ್ಣು ಮುಟ್ಟಬೇಕು. ಆ ಒಬ್ಬ ಯಾರೆಂದು ಪಂಚಾಂಗ ಹೇಳುತ್ತದೆ. ಆ ವರ್ಷ ಯಾವ ಅಕ್ಷರದ ಹೆಸರಿನವನ ಕೈಗೆ ಬೆಳೆ ಒಲಿಯುತ್ತದೆಂದು ಜೋಯಿಸರು ನೋಡಿ ತಿಳಿಸುತ್ತಾರೆ. ಅವನ ಕೈಗುಣದ ಮೇಲೆ ಊರಿನ ಮಳೆಬೆಳೆ, ಅವನ ಮನೆಗೆ ವರ್ಷಪೂರ್ತಿ ಮರ್ಯಾದೆ.

ಪಟೇಲ ಪಂಚಾಂಗಕ್ಕೂ ಮುಂಚೆಯೇ ಎಲ್ಲ ತೀರ್ಮಾನ ಮಾಡಿಬಿಟ್ಟಿದ್ದ. ಈ ಸಲ ಹೊನ್ನಾರು ಅಪ್ಪಯ್ಯಣ್ಣನದು. ಹೊಸಕೋಟೆಯಿಂದ ಹಾರವೂ ಬಂದಿತ್ತು. ಹಬ್ಬದ ಹಿಂದಿನ ದಿನ ಮಾರಮ್ಮನ ಗುಡಿ ಮುಂದೆ ಊರು ಸೇರಿತು. ಜೋಯಿಸರು ನರಸಿಂಹಯ್ಯ ಪಂಚಾಂಗ ಬಿಡಿಸಿ, ವ್ಯಯ ಸಂವತ್ಸರದ ಫಲ ಓದಿ, ಕೊನೆಗೆ ಹೇಳಿದರು. "ರಾ ಅಕ್ಷರ. ಬಿಳಿಯ ಜೋಡಿ. ನಮ್ಮೂರಲ್ಲಿ ಎರಡೂ ಕೂಡಿರೋದು ಒಂದೇ ಮನೇಲಿ, ರಾಮಾಂಜಿನಪ್ಪನ ಮನೇಲಿ."

ಹೆಂಗಸರೆಲ್ಲ ಮುನಿವೆಂಕಟಮ್ಮನ ಕಡೆ ತಿರುಗಿದರು. ಮದುವೆಯಾದಂದಿನಿಂದ ಆ ಹೆಸರನ್ನು ಬಾಯಲ್ಲಿ ಆಡದವಳು ಅವಳು. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆಂದು ಅವಳವ್ವ ಹೇಳಿಕೊಟ್ಟಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು, ಆದರೆ ಎದೆ ಹಿಗ್ಗಿ ಹೀರೇಕಾಯಾಗಿತ್ತು.

"ಸ್ವಾಮಿ, ಇನ್ನೊಂದ್ಸಲ ನೋಡಿ" ಎಂದ ಪಟೇಲ.

"ಪಂಚಾಂಗ ನಾನು ಬರೆದದ್ದಲ್ಲ ಪಟೇಲ್ರೇ, ತಿದ್ದೋದಕ್ಕೆ. ಹೆಸರು ಬಂದೋನು ತಾನಾಗೇ ಬಾರುಕೋಲನ್ನ ಊರ ಮುಂದೆ ಇನ್ನೊಬ್ಬನ ಕೈಗೆ ಕೊಟ್ಟರೆ ಆಗಬಹುದು. ಬೇರೆ ದಾರಿ ಇಲ್ಲ."

ಸಂಜೆಯೊಳಗೆ ಪಟೇಲನ ಕಡೆಯವರು ಬಂದು ರಾಮಾಂಜಿನಪ್ಪನಿಗೆ ಹೇಳಬೇಕಾದ್ದನ್ನು ಹೇಳಿ ಹೋದರು. ಅವನು "ಆಯ್ತು ನೋಡಾಣ" ಎಂದ. ಅವರು ಅತ್ತ ಹೋಗುತ್ತಲೇ ಮುನಿವೆಂಕಟಮ್ಮ ಇತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನು ನೋಡಾಣ?"

"ಕೊಟ್ಟುಬಿಡಾಣ ಅಂತಿದೀನಿ ಕಣೇ. ಒಂದು ಕೋಲಿಗೋಸ್ಕರ ಹಬ್ಬದ ದಿವಸ ಜಗಳ ಯಾಕೆ?"

"ಕೋಲಂತೆ ಕೋಲು! ಇವತ್ತು ಅದನ್ನ ಕೊಟ್ರೆ ಊರು ಆಡಿದ್ದೆಲ್ಲ ನಿಜ ಅಂತ ನೀವೇ ಒಪ್ಪಿಕೊಂಡಂಗೆ. ನಾಳೆ ನಮ್ಮ ಮಕ್ಕಳ ಮಕ್ಕಳನ್ನೂ ಕೇಳ್ತಾರೆ, ನಿಮ್ಮ ತಾತ ಯಾವ ಕಡೆ ಅಂತ. ನೀವು ಏನಾದ್ರೂ ಮಾಡಿರಿ, ಮಾಡ್ದೇ ಇರಿ, ನನ್ನ ಎತ್ತಿನ ಹಿಂದೆ ಇನ್ನೊಬ್ಬ ನಡೆದ್ರೆ ನಾನು ಈ ಮನೇಲಿ ಒಲೆ ಹಚ್ಚಲ್ಲ!"

ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂದುಬಿಟ್ಟಿತು. ಸಿಟ್ಟಿನಲ್ಲಿ ಅಳುವುದೆಂದರೆ ಅವಳಿಗೆ ಆಗದ ಕೆಲಸ, ಅದಕ್ಕೂ ಸಿಟ್ಟು ಬಂತು.

ಯುಗಾದಿಯ ಬೆಳಿಗ್ಗೆ ಊರ ಬಾಗಿಲ ಹೊಲದಲ್ಲಿ ಎಲ್ಲರ ನೇಗಿಲುಗಳೂ ಸಾಲಾಗಿ ನಿಂತವು. ಮುಂದೆ ಮುನಿವೆಂಕಟಮ್ಮನ ಬಿಳಿಯ ಜೋಡಿ, ಕೊಂಬಿಗೆ ಅವಳೇ ಬಳಿದ ಅರಿಶಿನ ಕುಂಕುಮ. ಅಪ್ಪಯ್ಯಣ್ಣ ಹಾರ ಹಾಕಿಕೊಂಡು ಪಟೇಲನ ಪಕ್ಕ ನಿಂತಿದ್ದ. ರಾಮಾಂಜಿನಪ್ಪ ಬಾರುಕೋಲು ಹಿಡಿದು ಮುಂದೆ ಬಂದ. ಆರತಿ ತಟ್ಟೆ ಹಿಡಿದಿದ್ದ ಮುನಿವೆಂಕಟಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಕೊಡುವವನ ಮುಖ. ಮುಗಿಯಿತು ಎಂದುಕೊಂಡಳು.

ಪಟೇಲ ಸುಮ್ಮನೆ ಕೋಲು ಈಸಿಕೊಂಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಜನ ಸೇರಿದ್ದು ಕಂಡರೆ ಅವನ ನಾಲಿಗೆ ನಿಲ್ಲುತ್ತದೆಯೇ?

"ನಮ್ಮೂರು ಮೊದಲನೇ ದಿನದಿಂದ್ಲೂ ಇಂಗ್ಲಿಷ್ನೋರ ವಿರುದ್ಧ ನಿಂತ ಊರು. ಅತ್ಲಾಗೂ ಇಲ್ದೆ ಇತ್ಲಾಗೂ ಇಲ್ದೆ ಕೂತೋನನ್ನ ಏನಂತಾರೆ? ಹೇಡಿ ಅಂತಾರೆ. ಹೇಡಿ ಕೈಲಿ ಹೊನ್ನಾರು ಹೂಡಿಸಿದ್ರೆ ಭೂಮ್ತಾಯಿ ಒಪ್ಪಲ್ಲ. ಕೊಡಪ್ಪಾ ರಾಮಾಂಜಿನಪ್ಪ, ಗಂಡಸಿನ ಕೈಗೆ ಕೊಡು."

ರಾಮಾಂಜಿನಪ್ಪ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.

"ಪಟೇಲ್ರೇ, ಕೊಡಾಣ ಅಂತಲೇ ಬಂದಿದ್ದೆ. ಈ ಮಾತು ಆಡ್ದಿದ್ರೆ ಕೊಟ್ಟೂಬಿಡ್ತಿದ್ದೆ. ಈಗ ಕೊಡಲ್ಲ."

ಅವನು ಗಟ್ಟಿಯಾಗಿ ಮಾತಾಡುವವನಲ್ಲ, ಆದರೆ ಅವತ್ತು ಕೊನೆಯ ನೇಗಿಲಿನವನಿಗೂ ಕೇಳಿಸಿತು.

"ಸಿಂಗಪುರದಲ್ಲಿ ಬಂದೂಕ ಚಾಚಿ ಹಿಡ್ಕೋ ಅಂದ್ರು, ಹಿಡೀಲಿಲ್ಲ. ಅದಕ್ಕೆ ಯುದ್ಧ ಮುಗಿಯೋಗಂಟ ಜಪಾನಿನೋರಿಗೆ ಕಲ್ಲು ಹೊತ್ತೆ, ಒದೆ ತಿಂದೆ. ಆಮೇಲೆ ಇಂಗ್ಲಿಷ್ನೋರು ಬಂದ್ರು. ಒಬ್ಬ ಮೇಜರು ಕುರ್ಚಿ ಹಾಕಿ ಕೂರಿಸ್ದ. 'ನಿಮ್ಮ ಪಡೇಲಿ ಗುಡಾರ ಗುಡಾರಕ್ಕೂ ಹೋಗಿ ಎಲ್ರನ್ನೂ ಎಬ್ಬಿಸ್ಕೊಂಡು ಹೋದೋನು ಯಾರು? ಅವನ ಹೆಸರು ಹೇಳು, ನಾಳೆ ಹಡಗಿಗೇ ಊರಿಗೆ ಕಳಿಸ್ತೀನಿ, ಬಡ್ತಿ ಕೊಟ್ಟು ತೋಳಿಗೆ ಪಟ್ಟಿ ಹಾಕಿಸ್ತೀನಿ' ಅಂದ. ನಾನು ಹೇಳ್ಲಿಲ್ಲ. 'ಹಂಗಾದ್ರೆ ನೀನೂ ಆ ಕಡೆಯೋನೇ' ಅಂತ ನನ್ನನ್ನೇ ಮುಳ್ಳುತಂತಿ ಒಳಗೆ ಕೂಡಿದ್ರು. ದಸರೆಗೆ ಬರಬೇಕಾದೋನು ಸಂಕ್ರಾಂತಿಗೆ ಬಂದೆ. ಜಪಾನಿನೋರು ಕೇಳಿದ್ದೂ ಕೊಡ್ಲಿಲ್ಲ, ಇಂಗ್ಲಿಷ್ನೋರು ಕೇಳಿದ್ದೂ ಕೊಡ್ಲಿಲ್ಲ. ನೀವು ಕೇಳಿದ್ದಕ್ಕೆ ಕೊಡ್ಲಾ?"

ಹಡಗು ಸಿಗಲಿಲ್ಲವಂತೆ! ಹಡಗು ಸಿಗದೇ ಇದ್ದದ್ದು ಯಾಕೆಂದು ಮುನಿವೆಂಕಟಮ್ಮನಿಗೆ ಈಗ ತಿಳಿಯಿತು. ಇಷ್ಟು ದಿನ ಅವನು ಯಾವ ಕಡೆಯವನೆಂದು ತಾನೇ ಗದರಿಸಿ ಕೇಳಿದ್ದೆಲ್ಲ ನೆನಪಾಗಿ, ಕೆನ್ನೆಯ ಮೇಲೆ ನೀರಿಳಿಯಿತು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಗುಡಾರ ಗುಡಾರ ತಿರುಗಿದ ಕಥೆ ಕೇಳದವರು ಊರಲ್ಲಿ ಯಾರಿದ್ದರು? ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಪಟೇಲನೊಬ್ಬನಿಗೆ ತಿಳಿಯಲಿಲ್ಲ. "ಯಾರಪ್ಪಾ ಅವನು? ಹೆಸರು ಹೇಳಿಬಿಡು, ನಂಬ್ತೀವಿ."

"ಇಂಗ್ಲಿಷ್ನೋರಿಗೇ ಹೇಳ್ಲಿಲ್ಲ. ನಿಮಗೆ ಹೇಳ್ತೀನಾ ಪಟೇಲ್ರೇ?"

ದಿಲ್ಲಿ ಕಡೆಯ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆಯಬೇಕಾದ ತನ್ನನ್ನು ನೂರಾರು ಜನರ ಜೊತೆ ಸುಮ್ಮನೆ ಬಿಟ್ಟು ಕಳಿಸಿದ್ದು ಯಾಕೆಂದು ಅಪ್ಪಯ್ಯಣ್ಣನಿಗೂ ಈವರೆಗೆ ಅರ್ಥವಾಗಿರಲಿಲ್ಲ. ಕೊರಳಿನ ಹಾರ ತೆಗೆದು ನೊಗದ ಮೇಲೆ ಹಾಕಿದ. ಎತ್ತುಗಳ ಮುಂದೆ ಹೋಗಿ ಮೂಗುದಾರದ ಹಗ್ಗ ಹಿಡಿದ. ದೊಡ್ಡ ದೊಡ್ಡ ಮಾತಾಡುವ ಆ ಬಾಯಿಂದ ಇಷ್ಟೇ ಬಂತು: "ಲೇ ರಾಮಾಂಜಿ, ಎತ್ತು ನಾನು ನಡೆಸ್ತೀನಿ. ನೀನು ನೇಗಿಲ ಮೇಣಿ ಹಿಡಿ."

ಹೊನ್ನಾರು ಹೂಡಿದ್ದಾಯಿತು. ಫೌಜಿಗೆ ಹೋದವನು ಮುಂದೆ, ಹೋಗದವನು ಹಿಂದೆ, ನಡುವೆ ಅವಳ ಬಿಳಿಯ ಜೋಡಿ. ಸಾಲು ಹೊಲದ ಆ ತುದಿಯವರೆಗೂ ಎಲ್ಲೂ ಸೊಟ್ಟಗಾಗಲಿಲ್ಲ. ಪಟೇಲ ಟೋಪಿ ಸರಿ ಮಾಡಿಕೊಂಡು ಜೈ ಹಿಂದ್ ಎಂದ. ಈ ಸಲ ಊರೂ ಮನಸ್ಸಿಟ್ಟು ಕೂಗಿತು.

ಮರುದಿನ ವರ್ಷತೊಡಕು. ಅವತ್ತು ಮಾಡಿದ್ದು ವರ್ಷಪೂರ್ತಿ ನಡೆಯುತ್ತದೆಂದು ನಂಬಿಕೆ. ಮುನಿವೆಂಕಟಮ್ಮ ಬೆಳಿಗ್ಗೆಯೇ, ಬಾವಿಕಟ್ಟೆ ತುಂಬಿರುವ ಹೊತ್ತಿಗೇ ಸರಿಯಾಗಿ ಹೋದಳು. ಬಾಡೂಟಕ್ಕೆಂದು ಮಾಲೂರಿನಿಂದ ಬಂದಿದ್ದ ನೆಂಟರ ಹೆಂಗಸು ಅಮ್ಮಯಮ್ಮ ಹಗ್ಗ ಎಳೆಯುತ್ತಾ ಕೇಳಿದಳು.

"ಈ ವರ್ಷ ನಿಮ್ಮೂರ ಹೊನ್ನಾರು ಯಾರ್ದಮ್ಮಾ?"

ಹೆಂಗಸರು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು. ಗಂಡನ ಹೆಸರನ್ನು ಇವಳು ಹೇಳುವುದುಂಟೇ? ಪಾಪ ಎಂದುಕೊಂಡು ಪಿಳ್ಳಮ್ಮ ತಾನೇ ಹೇಳಲು ಬಾಯಿ ತೆರೆದಳು.

"ತಡಿ ಪಿಳ್ಳಮ್ಮ, ನಾನು ಹೇಳ್ತೀನಿ" ಎಂದಳು ಮುನಿವೆಂಕಟಮ್ಮ. ಕೊಡ ಕೆಳಗಿಟ್ಟಳು. ಸೆರಗು ಬಾಯಿಗೆ ಹೋಗಲಿಲ್ಲ.

"ರಾಮಾಂಜಿನಪ್ಪಂದು. ನನ್ನ ಗಂಡ."