ಬೂಕನಕೆರೆ ಹೊನ್ನಪ್ಪನ ಕಾರ್ಡು

ಪವಿತ್ರಳ ಫೋನು ಬಂದಾಗ ನಿಂಗರಾಜು ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಮನೆ ಕಡೆ ನಡೆದಿದ್ದ. ಚಿನಕುರಳಿಯ ರಸ್ತೆಯಲ್ಲಿ ಕಲ್ಲು ತುಂಬಿದ ಟಿಪ್ಪರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ತಂಗಿ ಏನು ಹೇಳುತ್ತಿದ್ದಾಳೆಂದು ಕೇಳಿಸದೆ ಅವನು ಒಂದು ಅಂಗಡಿಯ ಮರೆಗೆ ಹೋಗಿ ನಿಂತ.

"ಅಣ್ಣ, 'ಹಾಡಿನ ಏಣಿ' ಗ್ಯಾಪ್ಕ ಅದಾ ನಿಂಗೆ?"

ಅವನು ಕ್ಯಾನನ್ನು ಕೆಳಗಿಟ್ಟ.

"ಮೈಸೂರಿಂದ ನಿಸರ್ಗ ಅಂತ ಒಂದು ಹುಡ್ಗಿ ಫೋನ್ ಮಾಡಿದ್ಲು. ಹಳೇ ಟೀವಿ ಪ್ರೋಗ್ರಾಮ್‌ಗಳ ಬಗ್ಗೆ ಯೂಟ್ಯೂಬಿಗೆ ವೀಡಿಯೋ ಮಾಡ್ತಾಳಂತೆ. ನನ್ನ ಹುಡುಕ್ಕೊಂಡು ಬತ್ತಾವ್ರೆ ಕಣಣ್ಣ. ಭಾನುವಾರ ನೀನೂ ಬಾ. ನಿನ್ ಬಿಟ್ಟು ನಾನೊಬ್ಳೆ ಅದ್ನ ಏನಂತ ಮಾತಾಡ್ಲಿ?"

"ಬತ್ತೀನಿ ಬುಡವ್ವ," ಎಂದ ನಿಂಗರಾಜು. ತಂಗಿಯ ದನಿ ಇಷ್ಟು ಹಗುರವಾಗಿದ್ದುದನ್ನು ಅವನು ಕೇಳಿ ಎಷ್ಟೋ ವರ್ಷವಾಗಿತ್ತು. ಆದರೂ ಮನೆ ತಲುಪುವವರೆಗೆ ಅವನು ಭಾನುವಾರಕ್ಕೆ ಎಷ್ಟು ದಿನ ಉಳಿದಿದೆಯೆಂದು ಎಣಿಸುತ್ತಿದ್ದ.

'ಹಾಡಿನ ಏಣಿ' ಇಪ್ಪತ್ತೈದು ವರ್ಷದ ಹಿಂದೆ ಪ್ರತಿ ಶನಿವಾರ ಸಂಜೆ ಆರೂವರೆಗೆ ಬರುತ್ತಿತ್ತು. ಆ ವಾರ ಜನ ಮೆಚ್ಚಿದ ಹತ್ತು ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ತೋರಿಸುತ್ತಿದ್ದರು. ಸಿನಿಮಾ ಹಾಡುಗಳಲ್ಲ, ಕ್ಯಾಸೆಟ್ಟಿಗೆಂದೇ ಹೊಸ ಹುಡುಗ ಹುಡುಗಿಯರು ಹಾಡಿದ ಪಾಪ್ ಹಾಡುಗಳು. ಸ್ಟುಡಿಯೋದಲ್ಲಿ ಒಂದು ಮರದ ಏಣಿ ಇತ್ತು. ನಿರೂಪಕಿ ಹಾಡಿದವರ ಫೋಟೋವನ್ನು ಒಂದೊಂದು ಮೆಟ್ಟಿಲಿಗೆ ಸಿಕ್ಕಿಸುತ್ತಾ, ನೋಡುಗರು ಬರೆದ ಪೋಸ್ಟ್ ಕಾರ್ಡುಗಳಲ್ಲಿ ಒಂದೆರಡನ್ನು ಓದುತ್ತಾ ಹೋಗುತ್ತಿದ್ದಳು. ಯಾರಿಗೆ ಹೆಚ್ಚು ಕಾರ್ಡು ಬಂದಿದೆಯೋ ಅವರು ಮೇಲಿನ ಮೆಟ್ಟಿಲಿಗೆ.

ಪವಿತ್ರಳಿಗೆ ಆಗ ಹತ್ತೊಂಬತ್ತು. ಪಾಂಡವಪುರದ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವಳು ಹಾಡಿದ್ದನ್ನು ಕೇಳಿದ ಮೈಸೂರಿನ ಒಬ್ಬ ಕ್ಯಾಸೆಟ್ಟಿನವನು ಅವಳಿಂದ ಒಂದು ಹಾಡು ಹಾಡಿಸಿದ್ದ. ಶ್ರೀರಂಗಪಟ್ಟಣದ ಸಂಗಮದಲ್ಲಿ ನೀಲಿ ಚೂಡಿದಾರ ತೊಡಿಸಿ, ಬಂಡೆಯ ಮೇಲೆ ನಿಲ್ಲಿಸಿ ವೀಡಿಯೋ ತೆಗೆಸಿದ್ದ. ಮೊದಲ ವಾರ ಆ ಹಾಡು ಹತ್ತನೇ ಮೆಟ್ಟಿಲಿನಲ್ಲಿ ಬಂದಾಗ ಬೀದಿಯ ಅರ್ಧ ಜನ ಅವರ ಮನೆಯ ಟೀವಿ ಮುಂದೆ ಕೂತಿದ್ದರು. ಅಪ್ಪನೊಬ್ಬ ಮಾತ್ರ ಬಾಗಿಲಲ್ಲೇ ನಿಂತು ನೋಡಿ ಹೇಳಿದ್ದ:

"ಒಂದ್ ತಿಂಗ್ಳು ನೋಡ್ತೀನಿ. ಮ್ಯಾಕ್ಕೋದ್ರೆ ಹಾಡ್ಕೊಳ್ಲಿ. ಬಿದ್ರೆ ನಾಗಮಂಗಲದ ಗಂಡಿಗೆ ಹ್ಞೂಂ ಅಂದ್ಬುಡ್ತೀನಿ."

ಪವಿತ್ರ ಅಂದು ಊಟ ಮಾಡಲಿಲ್ಲ. ಮರುದಿನ ನಿಂಗರಾಜು ಯಾರಿಗೂ ಹೇಳದೆ ಕಾರ್ಡು ಬರೆಯಲು ಕೂತ. ತನ್ನ ಹೆಸರಿನಲ್ಲಿ ಒಂದು ಬರೆದ. ಒಂದರಿಂದ ಏನಾಗುತ್ತದೆ ಅನ್ನಿಸಿ ಇಲ್ಲದ ಹೆಸರುಗಳನ್ನು ಹುಟ್ಟಿಸಿ ಬರೆದ. ನೀಲಿ ಶಾಯಿ, ಕಪ್ಪು ಶಾಯಿ, ಸೀಸದ ಕಡ್ಡಿ, ಕೆಲವನ್ನು ಎಡಗೈಯಲ್ಲಿ. ಎಲ್ಲದಕ್ಕೂ ಒಂದೇ ಅಂಚೆ ಕಚೇರಿಯ ಮುದ್ರೆ ಬಿದ್ದರೆ ಸಿಕ್ಕಿಬೀಳುತ್ತೇನೆಂದು ಬಸ್ಸು ಹತ್ತಿ ಒಂದು ಕಟ್ಟನ್ನು ಕೆ.ಆರ್. ಪೇಟೆಯಲ್ಲಿ, ಒಂದನ್ನು ನಾಗಮಂಗಲದಲ್ಲಿ, ಇನ್ನೊಂದನ್ನು ಶ್ರೀರಂಗಪಟ್ಟಣದಲ್ಲಿ ಡಬ್ಬಕ್ಕೆ ಹಾಕಿ ಬಂದ. ಹಾಡು ಆರನೇ ಮೆಟ್ಟಿಲಿಗೆ ಬಂತು. ಮುಂದಿನ ವಾರ ಮೂರನೆಯದಕ್ಕೆ. ಅದರ ಮುಂದಿನ ವಾರ ಎರಡನೆಯದಕ್ಕೆ. ಊರಿನಲ್ಲಿ ಅವನನ್ನು ಪವಿತ್ರಳ ಅಣ್ಣ ಎಂದು ಕರೆಯತೊಡಗಿದರು. ಅದೂ ಅವನಿಗೆ ಹಿತವಾಗಿತ್ತು.

ಐದನೇ ವಾರ ಹಾಡು ಏಣಿಯ ಮೇಲೆಲ್ಲೂ ಇರಲಿಲ್ಲ. ಆದರೆ ಅಷ್ಟರಲ್ಲಿ ಅಪ್ಪ ನಾಗಮಂಗಲದವರಿಗೆ ಬೇಡ ಎಂದು ಹೇಳಿ ಕಳಿಸಿಯಾಗಿತ್ತು. ಪವಿತ್ರ ಶಿಕ್ಷಕಿ ತರಬೇತಿಗೆ ಸಿಕ್ಕಿದ್ದ ಸೀಟು ಬಿಟ್ಟು ಬೆಂಗಳೂರಿಗೆ ಹೋದಳು. ಹನ್ನೆರಡು ವರ್ಷ ಲೇಡೀಸ್ ಹಾಸ್ಟೆಲಿನಲ್ಲಿದ್ದು ಸ್ಟುಡಿಯೋಗಳ ಬಾಗಿಲು ಕಾದಳು. ಕೋರಸ್ಸಿನಲ್ಲಿ ನಾಲ್ಕನೆಯವಳಾಗಿ, ಐದನೆಯವಳಾಗಿ ಹಾಡಿದಳು. ಮೂವತ್ತೊಂದಕ್ಕೆ ವಾಪಸ್ಸು ಬಂದಾಗ ಮದುವೆಯ ಮಾತು ಯಾರೂ ಎತ್ತಲಿಲ್ಲ. ಈಗ ಪಾಂಡವಪುರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ನಿಂಗರಾಜು ವಾರಕ್ಕೊಮ್ಮೆ ಹಾಲು, ತೆಂಗಿನಕಾಯಿ, ಸೊಪ್ಪು ತೆಗೆದುಕೊಂಡು ಹೋಗಿ ಬರುತ್ತಿದ್ದ. ಕಾರ್ಡಿನ ವಿಷಯ ಹೇಳಬೇಕೆಂದು ಮೊದಮೊದಲು ಅಂದುಕೊಂಡಿದ್ದುಂಟು. ವರ್ಷ ಕಳೆದಷ್ಟೂ ಅದು ಕಷ್ಟವಾಗುತ್ತಾ ಹೋಯಿತು. "ನಾಕು ವಾರ ನನ್ನ ಹಾಡ್ನ ಜನ ಎತ್ತಿ ಹಿಡ್ದಿದ್ರು. ಅಷ್ಟಾದ್ರೂ ಆಯ್ತಲ್ಲ" ಎಂದು ಅವಳು ಹೇಳುವಾಗಲೆಲ್ಲ ಅವನು ತಲೆ ಆಡಿಸುತ್ತಿದ್ದ.

ಭಾನುವಾರ ಬೆಳಿಗ್ಗೆ ನಿಸರ್ಗ ಬಂದಳು. ಜೊತೆಗೆ ಕ್ಯಾಮೆರಾ ಹಿಡಿಯುವ ಅಭಿ. ಪವಿತ್ರ ಮಾವಿನ ಬಣ್ಣದ ಸೀರೆ ಉಟ್ಟು, ಹಾರ್ಮೋನಿಯಂ ಒರೆಸಿಟ್ಟುಕೊಂಡು ಕೂತಿದ್ದಳು. ನಿಂಗರಾಜು ಅಡಿಗೆಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ.

ಪವಿತ್ರ ಚೆನ್ನಾಗಿ ಮಾತಾಡಿದಳು. ಬಂಡೆಯ ಮೇಲೆ ಕಾಲು ಜಾರಿದ್ದು, ಟೀವಿಯಲ್ಲಿ ತನ್ನ ಮುಖ ಬಂದಾಗ ಅವ್ವ ದೃಷ್ಟಿ ತೆಗೆದದ್ದು. ಆ ಹಾಡಿನ ಎರಡು ಸಾಲು ಹಾಡಿದಳು. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ನಕ್ಕು, ನೀರು ಕುಡಿದು, ಮತ್ತೆ ಹಾಡಿದಳು.

"ಆ ಕಾರ್ಯಕ್ರಮದಲ್ಲಿ ನಿಮಗೆ ಮರೆಯೋಕೆ ಆಗದೇ ಇರೋದು ಏನು ಮೇಡಂ?" ಎಂದು ನಿಸರ್ಗ ಕೇಳಿದಳು.

"ಬೂಕನಕೆರೆಯ ಹೊನ್ನಪ್ಪ ಅನ್ನೋರ ಕಾರ್ಡು," ಎಂದಳು ಪವಿತ್ರ. "ಮೂರನೇ ವಾರ ಟೀವಿಯಲ್ಲಿ ಓದಿದ್ದರು. ಅವರ ತಾಯಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರಂತೆ. ನನ್ನ ಹಾಡು ಬಂದಾಗ ಮಾತ್ರ ಎದ್ದು ಕೂರುತ್ತಿದ್ದರಂತೆ. ಬೆಂಗಳೂರಿನಲ್ಲಿ ಯಾರೂ ಕೆಲಸ ಕೊಡದೇ ಇದ್ದ ದಿನಗಳಲ್ಲಿ ನಾನು ಆ ತಾಯಿಯನ್ನೇ ನೆನೆಸಿಕೊಳ್ಳುತ್ತಿದ್ದೆ. ಹೋಗಿ ನೋಡಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಅವರು ತೀರಿಹೋದರು ಅಂತ ನಮ್ಮಣ್ಣ ವಿಚಾರಿಸಿಕೊಂಡು ಬಂದು ಹೇಳಿದ."

ನಿಂಗರಾಜು ನೆಲ ನೋಡುತ್ತಿದ್ದ. ಹೊನ್ನಪ್ಪ ಇರಲಿಲ್ಲ, ಅವನ ತಾಯಿಯೂ ಇರಲಿಲ್ಲ. ನೋಡಲು ಹೋಗೋಣ ಎಂದು ತಂಗಿ ಹಟ ಹಿಡಿದಾಗ ಅವನೇ ಆ ಇಲ್ಲದ ತಾಯಿಯನ್ನು ಸಾಯಿಸಿದ್ದ.

ನಿಸರ್ಗಳ ಮುಖ ಅರಳಿತು. "ಮೇಡಂ, ನಿಮಗೆ ಗೊತ್ತಾಗಬಾರದು ಅಂತ ಇಟ್ಟುಕೊಂಡಿದ್ದೆ," ಎಂದು ಬ್ಯಾಗಿನಿಂದ ಒಂದು ದಪ್ಪ ಕವರು ತೆಗೆದಳು. ಆ ಕಾರ್ಯಕ್ರಮದ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಹಳೆಯ ಕಾರ್ಡುಗಳ ಚೀಲವನ್ನು ಎಸೆಯದೆ ಇಟ್ಟುಕೊಂಡಿದ್ದರಂತೆ. ಮನೆ ಬದಲಾಯಿಸುವಾಗ ಅವಳಿಗೆ ಕೊಟ್ಟರಂತೆ. "ನಿಮ್ಮ ಹಾಡಿಗೆ ಬಂದವು ನಲವತ್ಮೂರು ಸಿಕ್ಕಿವೆ. ಹೊನ್ನಪ್ಪನವರದೂ ಇದೆ. ನೀವೇ ಓದಬೇಕು."

ನಿಂಗರಾಜು ಎದ್ದು ನಿಂತ. ಏನು ಹೇಳಿ ತಡೆಯಬೇಕೆಂದು ತೋಚದೆ ಮತ್ತೆ ಕೂತ.

ಪವಿತ್ರ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಓದುತ್ತಾ ಓದುತ್ತಾ ದನಿ ನಿಧಾನವಾಯಿತು. ಹಾಸ್ಟೆಲಿನಲ್ಲಿದ್ದಾಗ ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದವನು ನಿಂಗರಾಜು. 'ಳ' ಅಕ್ಷರದ ಬಾಲವನ್ನು ಕೆಳಗಿನ ಸಾಲಿನವರೆಗೂ ಎಳೆಯುವುದು ಅವನ ಅಭ್ಯಾಸ. ಅವಳು ಕಾರ್ಡಿನಿಂದ ತಲೆ ಎತ್ತಿ ಕ್ಯಾಮೆರಾದ ಪಕ್ಕದಿಂದ ಅಣ್ಣನ ಕಡೆ ನೋಡಿದಳು. ಅವನು ಕಣ್ಣು ತಪ್ಪಿಸಿದ.

ಅಭಿ ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ತಂದ. ಪವಿತ್ರಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಹೊನ್ನಪ್ಪನವರಿಗೆ ಏನು ಹೇಳ್ತೀರಾ ಮೇಡಂ?"

"ಅವರು ಎಲ್ಲಿದ್ದರೂ ಚೆನ್ನಾಗಿರಲಿ," ಎಂದಳು ಪವಿತ್ರ. ಉಳಿದ ಪ್ರಶ್ನೆಗಳಿಗೂ ಉತ್ತರ ಹೇಳಿ, ಬಂದವರಿಗೆ ಉಪ್ಪಿಟ್ಟು ಬಡಿಸಿ ಕಳಿಸಿದಳು. ನಿಸರ್ಗ ಕಾರ್ಡುಗಳನ್ನು ಅವಳಿಗೇ ಬಿಟ್ಟುಹೋದಳು.

ಬಾಗಿಲು ಹಾಕಿ ಬಂದು ಪವಿತ್ರ ಚಾಪೆಯ ಮೇಲೆ ಕಾರ್ಡುಗಳನ್ನು ಸುರಿದಳು. ಒಂದೊಂದನ್ನೇ ತೆಗೆದು ನೋಡಿ, ಅಣ್ಣನ ಬರಹ ಅನ್ನಿಸಿದ್ದನ್ನು ಎಡಕ್ಕೆ ಇಡುತ್ತಾ ಹೋದಳು. ಎಡಗೈಯಲ್ಲಿ ಬರೆದವುಗಳನ್ನೂ ಎಡಕ್ಕೇ ಇಟ್ಟಳು. ನಿಂಗರಾಜು ನಿಂತೇ ಇದ್ದ.

"ಎಷ್ಟ್ ಬರ್ದಿದ್ದೆ?"

"ಲೆಕ್ಕ ಇಡ್ನಿಲ್ಲ ಕಣವ್ವ. ವಾರಕ್ಕೆ ಐವತ್ತು ಅರ್ವತ್ತು ಆಯ್ತಿತ್ತು."

"ಐದ್ನೇ ವಾರ ಏನಾಯ್ತು?"

ಅವನು ಚಾಪೆಯಿಂದ ಜಾರಿದ ಒಂದು ಕಾರ್ಡನ್ನು ಎತ್ತಿಟ್ಟ. ಅವಳು ಮತ್ತೆ ಕೇಳಿದಳು.

"ಕಬ್ಬು ಕಡಿಯಾಕೆ ಆಳು ಬಂದಿದ್ರು," ಎಂದ ನಿಂಗರಾಜು. "ಬರೆಯಾಕೆ ಪುರ್ಸೊತ್ತಾಗ್ನಿಲ್ಲ."

ಪವಿತ್ರ ಕೈಯಲ್ಲಿದ್ದ ಕಾರ್ಡನ್ನು ಎಡಕ್ಕೆ ಇಟ್ಟಳು. "ಜನದ ರುಚಿ ಬದ್ಲಾಯ್ತು ಅಂದ್ಕೊಂಡಿದ್ದೆ ನಾನು," ಎಂದಳು. "ಇನ್ನೊಂದ್ ಹಾಡು ಸಿಕ್ಬುಟ್ರೆ ಮತ್ತೆ ಬತ್ತಾರೆ ಅಂತ ಹನ್ನೆಲ್ಡು ವರ್ಷ ಕಾದೆ. ಬಂದೇ ಇರ್ಲಿಲ್ವಲ್ಲಣ್ಣ ಯಾರೂವೆ."

"ಅಪ್ಪ ನಿನ್ನ ನಾಗಮಂಗಲಕ್ಕೆ ಕೊಟ್ಬುಡ್ತಿದ್ದ. ನೀನು ಉಣ್ಣದೆ ಕೂತಿದ್ದೆ. ನಂಗೆ ತಡಿಯಾಕಾಗ್ನಿಲ್ಲ."

"ಆ ಗಂಡು ಮೇಷ್ಟ್ರಾಗಿದ್ದ. ಅಷ್ಟೇನ್ ಕೆಟ್ಟೋನಲ್ಲ," ಎಂದಳು ಪವಿತ್ರ. ಅದರಲ್ಲಿ ಸಿಟ್ಟೇನೂ ಇರಲಿಲ್ಲ.

ಕೊನೆಗೆ ಒಂದು ಕಾರ್ಡು ಉಳಿಯಿತು. ಕಿರಂಗೂರಿನ ಪುಟ್ಟಲಕ್ಷ್ಮಮ್ಮ ಎಂಬ ಹೆಸರಿತ್ತು. ದುಂಡನೆಯ ಅಕ್ಷರ. 'ಈ ಹುಡುಗಿಯ ಹಾಡು ಇನ್ನೊಂದು ಸಲ ಹಾಕಿ. ಹೋದ ವಾರ ಅರ್ಧಕ್ಕೇ ಕರೆಂಟು ಹೋಯಿತು.'

ನಿಂಗರಾಜು ಅದನ್ನು ಎರಡು ಸಲ ಓದಿದ. "ಇದು ನಂದಲ್ಲ ಪವಿ. ದೇವ್ರಾಣೆ ನಂದಲ್ಲ."

"ಯಾರ ಕೈಲೋ ಬರ್ಸಿರ್ತೀಯ."

"ಯಾರ ಕೈಲೂ ಬರ್ಸಿಲ್ಲ. ಕರೆಂಟು ಓಯ್ತು ಅಂತ ನಾನ್ಯಾಕೆ ಬರೀಲಿ?"

"ಕಾಯ್ಲೆ ಬಿದ್ದಿರೋ ಅವ್ವ ಎದ್ದು ಕೂರ್ತಾಳೆ ಅಂತ ಯಾಕ್ ಬರ್ದೆ?" ಎಂದು ಕೇಳಿ ಪವಿತ್ರ ಆ ಕಾರ್ಡನ್ನೂ ಎಡಗಡೆಯ ಕಟ್ಟಿನ ಮೇಲೆ ಇಟ್ಟಳು.

ಮಾರನೆಯ ದಿನವೇ ನಿಂಗರಾಜು ಕಿರಂಗೂರಿಗೆ ಹೋದ. ಒಂದು ಕಾರ್ಡಾದರೂ ನಿಜವೆಂದು ತೋರಿಸಿದರೆ ತಂಗಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಮೂರು ಬೀದಿ ಕೇಳಿಕೊಂಡು ಹೋದ ಮೇಲೆ ಮನೆ ಸಿಕ್ಕಿತು. ಜಗಲಿಯ ಮೇಲೆ ಗೊಬ್ಬರದ ಚೀಲ ಜೋಡಿಸುತ್ತಿದ್ದವನು ಪುಟ್ಟಲಕ್ಷ್ಮಮ್ಮನ ಮಗ ಸಂತೋಷ್.

"ಅವ್ವ ಕೊರೋನಾದಲ್ಲಿ ತೀರೋದ್ಲು," ಎಂದ ಅವನು. "ಆದ್ರೆ ಅವ್ಳಿಗೆ ಓದು ಬರಹ ಬತ್ತಿರ್ನಿಲ್ಲ. ಅವ್ಳು ಹೇಳಿದ್ದನ್ನೆಲ್ಲ ನಮ್ಮಕ್ಕ ಅರ್ಪಿತ ಬರ್ಕೊಡೋಳು." ಅಕ್ಕನಿಗೆ ಫೋನು ಹಚ್ಚಿಕೊಟ್ಟ.

ಅರ್ಪಿತ ಹುಣಸೂರಿನ ಕಡೆ ಮದುವೆಯಾಗಿ ಹೋದವಳು. ನಿಂಗರಾಜು ಕಾರ್ಡಿನಲ್ಲಿದ್ದುದನ್ನು ನೆನಪಿನಿಂದ ಹೇಳಿದ, ಹಾಡಿನ ಪಲ್ಲವಿಯನ್ನು ತನಗೆ ಬಂದಂತೆ ಗುನುಗಿ ತೋರಿಸಿದ, ನೀಲಿ ಚೂಡಿದಾರವನ್ನೂ ಬಂಡೆಯನ್ನೂ ವರ್ಣಿಸಿದ. ಅವಳು ಸಹನೆಯಿಂದ ಕೇಳಿಸಿಕೊಂಡಳು.

"ಆ ಪ್ರೋಗ್ರಾಮ್ ನೋಡ್ತಿದ್ವಿ ಅಣ್ಣ. ಕಾರ್ಡೂ ಬರೀತಿದ್ದೆ. ಇಂಥಾದ್ದೇ ಹಾಡು ಅಂತ ಗ್ಯಾಪ್ಕ ಇಲ್ಲ."

"ಒಂದ್ಸಲ ನಮ್ಮ ತಂಗಿ ಜೊತೆ ಮಾತಾಡ್ತೀರಾ? ಬರ್ದಿದ್ದು ನಾನೇ ಅಂದ್ರೆ ಸಾಕು."

"ಗ್ಯಾಪ್ಕ ಇಲ್ದಿದ್ದನ್ನ ಎಂಗೇಳ್ಲಿ?" ಎಂದಳು ಅರ್ಪಿತ. ಅವನು ಅಷ್ಟು ಬೇಡಿದ್ದಕ್ಕೆ ಅವಳಿಗೆ ಪಾಪ ಅನ್ನಿಸಿರಬೇಕು. "ನಿಮ್ ತಂಗಿಗೆ ಹುಷಾರಿಲ್ವಾ? ಅಂಗಿದ್ರೆ ಹೇಳ್ತೀನಿ ಬುಡಿ. ಏನೇನ್ ಹೇಳ್ಬೇಕು ಅಂತ ನೀವೇ ಹೇಳ್ಕೊಡಿ. ನಮ್ಮವ್ವಂಗೆ ಆ ಹಾಡು ಅಂದ್ರೆ ಪ್ರಾಣ ಅಂತ ಬೇಕಾದ್ರೂ ಅಂತೀನಿ."

ನಿಂಗರಾಜುವಿನ ಬಾಯಿಗೆ ಮಾತುಗಳು ತಾವಾಗಿಯೇ ಬಂದವು. ಏನು ಹೇಳಿಕೊಟ್ಟರೆ ಪವಿತ್ರ ನಂಬುತ್ತಾಳೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಅಳಬೇಕು ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದುದಕ್ಕೇ ಅವನಿಗೆ ಹೇಸಿಗೆಯಾಯಿತು.

"ಬ್ಯಾಡ ಕಣವ್ವ," ಎಂದು ಫೋನನ್ನು ಸಂತೋಷನಿಗೆ ಕೊಟ್ಟುಬಿಟ್ಟ.

ಕಿರಂಗೂರಿನಿಂದ ನೇರವಾಗಿ ಪಾಂಡವಪುರಕ್ಕೆ ಹೋಗಿ, ನಡೆದದ್ದನ್ನು ನಡೆದಂತೆಯೇ ತಂಗಿಗೆ ಹೇಳಿದ. ಆ ಹೆಂಗಸು ತೀರಿಹೋಗಿದ್ದಾಳೆ, ಬರೆದುಕೊಡುತ್ತಿದ್ದ ಮಗಳಿಗೆ ನೆನಪಿಲ್ಲ, ನೆನಪಿದೆಯೆಂದು ಹೇಳಲು ಅವಳು ತಯಾರಿದ್ದಳು, ತಾನೇ ಬೇಡವೆಂದೆ. ಪವಿತ್ರ ಶಾಲೆಯಿಂದ ಆಗಷ್ಟೇ ಬಂದು ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದಳು. ಎಲ್ಲವನ್ನೂ ಕೇಳಿದಳು.

"ತೀರೋದ್ರಾ," ಎಂದಳು. ನಂಬಿದಳೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಕಿರಂಗೂರಿನಲ್ಲಿ ಪುಟ್ಟಲಕ್ಷ್ಮಮ್ಮ ಎಂಬುವಳೊಬ್ಬಳು ಇದ್ದಳೇ ಎಂಬುದನ್ನು ಕೂಡ ಅವಳು ಕೇಳಲಿಲ್ಲ.

ಅವಳು ಕಾಫಿ ಮಾಡಿ ಕೊಟ್ಟಳು. ಕರು ಹಾಕಲಿದ್ದ ಹಸುವಿನ ವಿಷಯ ವಿಚಾರಿಸಿದಳು. ನಿಂಗರಾಜು ಲೋಟ ಕೆಳಗಿಟ್ಟು, "ಬಯ್ದಾದ್ರೂ ಬುಡು ಪವಿ," ಎಂದ.

"ಏನಂತ ಬಯ್ಲಿ? ನನ್ ಮೇಲಿನ ಆಸೆಗೆ ಮಾಡ್ದೆ. ಗೊತ್ತು ನಂಗೆ." ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾ, "ಆದ್ರೆ ವಾರ ವಾರ ಬರ್ಬೇಡ ಅಣ್ಣ. ಬರೋದಾದ್ರೆ ಫೋನ್ ಮಾಡ್ಬುಟ್ಟು ಬಾ," ಎಂದಳು.

ತಿಂಗಳ ಕೊನೆಗೆ ವೀಡಿಯೋ ಯೂಟ್ಯೂಬಿಗೆ ಬಂತು. ನಿಂಗರಾಜು ಅದನ್ನು ತೆರೆಯಲಿಲ್ಲ. ಅವನ ಹೆಂಡತಿ ಜಯಲಕ್ಷ್ಮಮ್ಮ ನೋಡಿ, ಹೊನ್ನಪ್ಪನ ತಾಯಿಯ ವಿಷಯಕ್ಕೆ ಎಷ್ಟೋ ಜನ ಕಣ್ಣೀರು ಹಾಕಿ ಬರೆದಿದ್ದಾರೆ ಎಂದಳು. ಅವನು ಎದ್ದು ಕೊಟ್ಟಿಗೆಗೆ ಹೋದ. ತಂಗಿಗೆ ಎರಡು ಸಲ ಫೋನು ಮಾಡಿದ್ದ. ಎರಡು ಸಲವೂ ಅವಳು ಈ ವಾರ ಬೇಡ, ಶಾಲೆಯಲ್ಲಿ ಕೆಲಸವಿದೆ ಎಂದಿದ್ದಳು. ದನಿ ಮೆದುವಾಗಿಯೇ ಇತ್ತು. ಮೂರನೆಯ ಸಲ ಅವಳ ಹೆಸರನ್ನು ಫೋನಿನಲ್ಲಿ ತೆಗೆದು, ಬಹಳ ಹೊತ್ತು ನೋಡಿ, ಒತ್ತದೆ ಜೇಬಿಗೆ ಇಟ್ಟುಕೊಂಡ.