ಕಿವಿಯ ಬಣ್ಣ

ಗುಲಾಬಿ — ಹೌದು, ದೀಪಕ್ಕೆ ಅಡ್ಡ ಹಿಡಿದಾಗಲೂ ಗುಲಾಬಿಯೇ, ಈ ಇಲಿಯ ಇಷ್ಟು ಚಿಕ್ಕ ಕಿವಿಯೊಳಗೆ ನರ ಕೆಂಪು ದಾರದ ಹಾಗೆ ಕಾಣುತ್ತಿದೆ, ಪಕ್ಕದ ಪಂಜರದಲ್ಲಿ ಲಸಿಕೆ ಇಲ್ಲದ ಇಲಿಗಳ ಕಿವಿ ನಿನ್ನೆಯೇ ಬೆಳ್ಳಗಾದವು, ಮಲೇರಿಯಾ ಹತ್ತಿದರೆ ಹಾಗೇ, ರಕ್ತ ಬತ್ತುತ್ತದೆ, ಬಾಲದ ತುದಿಯ ರಕ್ತದ ಹನಿಯನ್ನು ಗಾಜಿಗೆ ಸವರಿ ನೋಡುವ ಮೊದಲೇ ಕಿವಿ ಹೇಳಿಬಿಡುತ್ತದೆ, ಇದಕ್ಕೂ ಅದೇ ರೋಗ ಚುಚ್ಚಿದ್ದೆ, ಆದರೆ ಮುಂಚೆಯೇ ನಮ್ಮ ಪೆಪ್ಟೈಡ್ ಲಸಿಕೆ, ರೋಗಾಣುವಿನ ಮೈಮೇಲಿನ ಒಂದು ಚೂರನ್ನೇ ಹೋಲುವಂತೆ ನಾವು ಕೂತು ಪೋಣಿಸಿದ್ದು — ಯಾಕೆ ಸಪ್ಪಗಿದೀರ ಮೇಡಂ, ಗೆದ್ವಲ್ಲ, ನನಗೂ ಪಾರ್ಟಿ ಬೇಕಪ್ಪ, ಇವುಗಳ ಬಾಣಂತನ ಎಲ್ಲಾ ನಂದೇ ತಾನೆ, ಪಂಜರ ತೊಳೆಯುತ್ತ ಇಲಿಮನೆಯ ಆಯಾ ಅನ್ನುತ್ತಾಳೆ, ನಗಬೇಕು, ನಕ್ಕಿರಬೇಕು, ಮಾಸ್ಕಿನೊಳಗೆ ಯಾರಿಗೆ ಗೊತ್ತಾಗುತ್ತದೆ, ಬೆಳಿಗ್ಗೆ ಆಸ್ಪತ್ರೆಯಲ್ಲೂ ಮಾಸ್ಕ್ ಇರಬೇಕಿತ್ತು ನನಗೆ, ತಂಗಿಯ ಮಗಳು, ಇದೇ ಮಲೇರಿಯಾ ಜ್ವರ ತಲೆಗೇರಿ ಕಣ್ಣೇ ಬಿಡುತ್ತಿಲ್ಲ, ಬಂದವರೆಲ್ಲ ಹಣೆ ಮುಟ್ಟಿದರು, ನಾನು — ನನ್ನ ಕೈ ತಾನಾಗಿ ಕೂದಲು ಸರಿಸಿ ಮಗುವಿನ ಕಿವಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿತು, ತಂಗಿ ನೋಡಿಬಿಟ್ಟಳು, ಊಟಕ್ಕೆ ಕೂತಾಗೆಲ್ಲ ನನ್ನ ಇಲಿಗಳ ಕಿವಿಪುರಾಣ ಕೇಳಿದವಳಲ್ಲವೇ, ನನ್ನ ಮಗಳೇನು ನಿನ್ನ ಇಲೀನಾ ಅಕ್ಕಾ, ಆಮೇಲೆ ದನಿ ಒಡೆದು, ಅವಕ್ಕೆ ಕೊಡ್ತೀಯಲ್ಲ, ಅದನ್ನೇ ಇವಳಿಗೂ ಒಂಚೂರು ಕೊಡೇ, ನಿನ್ನ ಕಾಲಿಗೆ ಬೀಳ್ತೀನಿ — ಅದು ರೋಗ ಬರೋಕೆ ಮುಂಚೆ ಕೊಡೋದು ಕಣೇ, ಬಂದ್ಮೇಲೆ ಏನೂ ಮಾಡಲ್ಲ, ಅದೂ ಇಲಿಗೆ ಮಾತ್ರ, ಎಷ್ಟು ಚೆನ್ನಾಗಿ ವಿವರಿಸಿದೆ, ಸಭೆಯಲ್ಲಿ ನಿಂತು ಹೇಳಿದ ಹಾಗೆ, ಅವಳು ಗೋಡೆಗೆ ಮುಖ ಮಾಡಿದಳು, ಜ್ವರಕ್ಕೆ ಮುಂಚೆ ಒಮ್ಮೆ, ಒಂದು ಇಲಿಮರಿಗೆ ನನ್ನ ಹೆಸರಿಡು ದೊಡ್ಡಮ್ಮಾ ಅಂತ ಹಠ ಹಿಡಿದಿತ್ತು ಮಗು, ಹೆಸರಿಡಲ್ಲ ಪುಟ್ಟಿ, ಇಟ್ರೆ ಚುಚ್ಚೋಕೆ ಕೈ ಬರಲ್ಲ, ಹಾಗಾದ್ರೆ ಚುಚ್ಚಬೇಡ, ಅಷ್ಟೇ, ಎಷ್ಟು ಸುಲಭ ಅವಳಿಗೆ —

ಗೌನಿನ ಒಳಜೇಬಿನಲ್ಲಿ ಫೋನು ಗುರುಗುಟ್ಟುತ್ತಿದೆ, ತಂಗಿಯೇ, ಈ ಹೊತ್ತಿಗೆ ಇನ್ಯಾರು, ಕೈಗವಸಿನ ಮೇಲೆ ರಕ್ತ, ಅಂಗೈಯಲ್ಲಿ ಇಲಿ, ಇದನ್ನು ಪಂಜರದೊಳಗೆ ಬಿಡಬೇಕು, ಗವಸು ಕಳಚಬೇಕು, ನಿಂತಿತು, ಸದ್ಯ, ಇಲ್ಲ ಮತ್ತೆ ಶುರುವಾಯಿತು, ತೆಗೀರಿ ಮೇಡಂ, ಆಗಿಂದ ಹೊಡ್ಕೊತಿದೆ, ತೆಗೆಯುತ್ತೇನೆ, ಇಲಿಯ ಎದೆ ಬೆರಳಿಗೆ ಡಬಡಬ ಬಡಿಯುತ್ತಿದೆ, ಎಷ್ಟು ಬಿಸಿ, ಎಷ್ಟು ಜೀವ ಇದಕ್ಕೆ, ಗುಲಾಬಿ, ಇದು ಗುಲಾಬಿ, ಬೆಳಿಗ್ಗೆ ಅಲ್ಲಿ ಕಿಟಕಿಯ ಬೆಳಕು ಪುಟ್ಟಿಯ ಕಿವಿಯ ಆ ಕಡೆಯಿಂದ ಈ ಕಡೆಗೆ ನೇರ ಬಂದಿತ್ತು, ನಡುವೆ ಏನೂ ಇಲ್ಲದ ಹಾಗೆ, ಬಿಳಿ, ಆ ಕಿವಿ, ಬಿಳಿ